ಹಳೆಯ ಕಾರಿನ ಕಣ್ಣಪೊರೆ

ಹತ್ತು ಹದಿನೈದು ವರ್ಷ ಬಿಸಿಲಿಗೆ ಮೈಯೊಡ್ಡಿ ನಿಂತ ಕಾರಿನ ಹೆಡ್‌ಲೈಟ್ ಹಗಲಿನಲ್ಲಿ ನೋಡಿದರೆ ಪೊರೆ ಬಂದ ಕಣ್ಣಿನ ಹಾಗೆ ಕಾಣುತ್ತದೆ. ಮೇಲಂಚಿನಲ್ಲಿ ಅರಿಶಿನದ ಬಣ್ಣ, ಪಕ್ಕದಲ್ಲಿ ಸಿಪ್ಪೆ ಎದ್ದ ಪದರ, ನಡುವೆ ನೀರುಮಜ್ಜಿಗೆಯಂಥ ಮಬ್ಬು. ರಾತ್ರಿ ದೀಪ ಹಾಕಿದರೆ ಒಳಗೆ ಬಲ್ಬು ಚೆನ್ನಾಗಿಯೇ ಉರಿಯುತ್ತಿರುತ್ತದೆ. ಬೆಳಕು ಮಾತ್ರ ಬಂಪರಿನಿಂದ ಮುಂದಕ್ಕೆ ಹೋಗಲು ಒಲ್ಲೆನ್ನುತ್ತದೆ. ಇಂಥ ಕಾರಿನ ಮಾಲೀಕರು ಬಿಡಿಭಾಗದ ಅಂಗಡಿಗೆ ಹೋಗಿ ಸಾಮಾನ್ಯವಾಗಿ ಕೇಳುವುದು ಹೆಚ್ಚು ವ್ಯಾಟಿನ ಬಲ್ಬನ್ನು. ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತೆ ಅದು. ಹಳೆಯ ಕಾರಿನಲ್ಲಿ ಬೆಳಕು ಹುಟ್ಟುವ ಕಡೆ ತೊಂದರೆ ಕಡಿಮೆ. ಹುಟ್ಟಿದ ಬೆಳಕು ರಸ್ತೆ ಮುಟ್ಟುವ ಮೊದಲೇ ಸೋರಿಹೋಗುವುದು ಹೆಚ್ಚು. ಸೋರುವ ಜಾಗಗಳು ನಾಲ್ಕು: ಮುಂದಿನ ಗಾಜು, ಹಿಂದಿನ ಕನ್ನಡಿ, ಬ್ಯಾಟರಿಯಿಂದ ಬಲ್ಬಿನವರೆಗಿನ ತಂತಿ, ಕೊನೆಗೆ ದೀಪ ಮುಖ ಮಾಡಿರುವ ದಿಕ್ಕು.

ಗಾಜೊಂದರಿಂದಲೇ ಆಗುವ ನಷ್ಟವನ್ನು ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಅಳೆದು ನೋಡಿತು. ಹಳದಿಗಟ್ಟಿದ ದೀಪಗಳು ಹೊಸ ದೀಪದ ಬೆಳಕಿನಲ್ಲಿ ಶೇ 20ರಷ್ಟನ್ನು ಮಾತ್ರ ಕೊಡುತ್ತಿದ್ದವು. ಅವನ್ನೇ ಉಜ್ಜಿ ಹೊಳಪು ಕೊಟ್ಟಾಗ ಬೆಳಕು ಶೇ 70ರ ಆಸುಪಾಸಿಗೆ ಏರಿತು. ಕಾರು ಕಂಪನಿಯದೇ ಹೊಸ ದೀಪ ಕೂರಿಸಿದಾಗ ನೂರಕ್ಕೆ ನೂರು. ಬೇರೆ ತಯಾರಕರ ದೀಪಗಳು ಶೇ 83ರಿಂದ 90ರವರೆಗೆ ಬೆಳಕು ಕೊಟ್ಟರೂ, ಬೆಳಕು ಬೀಳಬೇಕಾದ ಕಡೆ ಬೀಳುವ ವಿಷಯದಲ್ಲಿ ಹಿಂದೆ ಬಿದ್ದವು. ಐದರಲ್ಲಿ ನಾಲ್ಕು ಪಾಲು ಬೆಳಕನ್ನು ನುಂಗುವ ಗಾಜಿನ ಹಿಂದೆ ಎಂಥ ಬಲ್ಬು ಹಾಕಿದರೂ ದಾರಿ ಕಾಣುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಎಲ್ಲ ಹಳೆಯ ಕಾರುಗಳೂ ಒಂದೇ ಅಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಜಿಪ್ಸಿಗಳ ದುಂಡು ದೀಪದ ಮುಂದೆ ಇರುವುದು ನಿಜವಾದ ಗಾಜು. ಈ ಶತಮಾನದ ಆರಂಭದಲ್ಲಿ ಬಂದ ಕಾರುಗಳಲ್ಲಿ ಇರುವುದು ಬಹುಪಾಲು ಪ್ಲಾಸ್ಟಿಕ್, ಅಂಗಡಿಯಲ್ಲಿ ಅದಕ್ಕೂ ‘ಗ್ಲಾಸ್’ ಎಂದೇ ಹೆಸರು. ಎರಡರ ರೋಗವೂ ಬೇರೆ, ಮದ್ದೂ ಬೇರೆ.

ದುಂಡು ದೀಪದ ಕಾಲ

1940ರ ಮಾದರಿಯ ಕಾರುಗಳಿಂದ ಅಮೆರಿಕದಲ್ಲಿ ‘ಸೀಲ್ಡ್ ಬೀಮ್’ ಚಾಲ್ತಿಗೆ ಬಂತು. 7 ಇಂಚು ಅಗಲದ ದುಂಡು ದೀಪ. ಗಾಜು, ಕನ್ನಡಿ, ಉರಿಯುವ ತಂತು ಮೂರೂ ಒಂದಾಗಿ ಬೆಸೆದ ಘಟಕ. ತಂತು ಸುಟ್ಟರೆ ಇಡೀ ದೀಪವನ್ನೇ ಬದಲಿಸಬೇಕು. ಅದೊಂದು ದುಬಾರಿ ಏರ್ಪಾಡಿನಂತೆ ಕಂಡರೂ ಒಳಗೆ ದೂಳು ಹೋಗದು, ನೀರು ಹೋಗದು, ಕನ್ನಡಿ ಕಪ್ಪಾಗದು. ಪ್ರತಿ ಸಲ ಬದಲಿಸಿದಾಗಲೂ ಹೊಸ ಗಾಜು, ಹೊಸ ಕನ್ನಡಿ. ಆ 7 ಇಂಚಿನ ಅಳತೆ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, 1958ರಲ್ಲಿ ಬಂದ ಅಂಬಾಸಿಡರ್ 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಅದೇ ಅಳತೆಯ ದುಂಡು ದೀಪವನ್ನು ಹೊತ್ತು ತಿರುಗಿತು.

ಯುರೋಪ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬಲ್ಬನ್ನು ಹಿಂದಿನಿಂದ ಬಿಚ್ಚಿ ಬದಲಿಸುವ ದೀಪವೇ ಉಳಿಯಿತು. 1971ರಲ್ಲಿ ಬಂದ ಎಚ್4 ಎಂಬ ಹ್ಯಾಲೊಜನ್ ಬಲ್ಬು ಆ ದಾರಿಗೆ ಹೊಸ ಬಲ ಕೊಟ್ಟಿತು. ಹೈ ಬೀಮಿಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್. ಒಂದೇ ಬುರುಡೆಯಲ್ಲಿ ಎರಡು ತಂತುಗಳು. ಸೀಲ್ಡ್ ಬೀಮ್ ಕೂರುತ್ತಿದ್ದ ಬಟ್ಟಲಿನಲ್ಲೇ ಕೂರುವ, ಎಚ್4 ಬಲ್ಬು ಹಾಕಬಹುದಾದ ದುಂಡು ದೀಪಕ್ಕೆ ನಮ್ಮ ಅಂಗಡಿಗಳಲ್ಲಿ ‘ಸೆಮಿ ಸೀಲ್ಡ್’ ಎಂಬ ಹೆಸರಿದೆ. ಹಳೆಯ ಕಾರಿನ ಬೆಳಕು ಸುಧಾರಿಸುವವರಿಗೆ ಇದಕ್ಕಿಂತ ನೇರವಾದ ಉಪಾಯವಿಲ್ಲ. ಲೋಹದ ರಿಂಗ್ ಹಿಡಿದಿರುವ ಸ್ಕ್ರೂ ಸಡಿಲಿಸಿ ಹಳೆಯದನ್ನು ತೆಗೆದು, ಮೂರು ಕಡ್ಡಿಯ ಅದೇ ಕಪ್ಲರನ್ನು ಹೊಸ ಬಲ್ಬಿನ ಹಿಂಬದಿಗೆ ಒತ್ತಿದರೆ ಮುಗಿಯಿತು. ಕಾರಿನ ಮುಖಚರ್ಯೆಯೂ ಕೆಡುವುದಿಲ್ಲ.

ಈ ದೀಪಗಳ ಗಾಜಿನ ಮೇಲೆ ಉದ್ದುದ್ದ ಗೀರುಗಳಿವೆ, ಚೌಕ ಚೌಕ ಉಬ್ಬುಗಳಿವೆ. ಅವು ಅಲಂಕಾರಕ್ಕಲ್ಲ. ಹಿಂದಿನ ಕನ್ನಡಿ ಬೆಳಕನ್ನು ಒಂದು ಕಂಬದಂತೆ ಮುಂದಕ್ಕೆ ಕಳಿಸುತ್ತದೆ. ಆ ಕಂಬವನ್ನು ಅಡ್ಡಕ್ಕೆ ಹರಡುವುದು, ಒಂದಿಷ್ಟನ್ನು ಕೆಳಕ್ಕೆ ಬಾಗಿಸುವುದು, ರಸ್ತೆಯ ಎಡ ಅಂಚಿಗೆ ಒಂದು ಪಾಲು ಹೆಚ್ಚು ಕೊಡುವುದು ಗಾಜಿನ ಮೇಲಿನ ಪುಟ್ಟ ಪುಟ್ಟ ಪಟ್ಟಕಗಳ ಕೆಲಸ. ಹಾಗಾಗಿ ಹಳೆಯ ಕಾರಿನಲ್ಲಿ ಗಾಜು ಬದಲಿಸುವುದೆಂದರೆ ಮುಚ್ಚಳ ಬದಲಿಸಿದಂತಲ್ಲ. ಬೆಳಕು ರಸ್ತೆಯ ಮೇಲೆ ಬಿಡಿಸುವ ಚಿತ್ರವನ್ನೇ ಬದಲಿಸಿದಂತೆ. ಕಲ್ಲು ಬಡಿದು ಸೀಳಿದ, ದಶಕಗಳ ಮರಳು ದೂಳು ತಾಗಿ ತರಿತರಿಯಾದ ಗಾಜು ಆ ಚಿತ್ರವನ್ನು ಕಲಸಿಬಿಡುತ್ತದೆ. ಬೆಳಕು ಮೇಲಕ್ಕೆ ಚೆದುರುತ್ತದೆ, ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ಸ್ವಂತ ಚಕ್ರದ ಮುಂದಿನ ಹೊಂಡ ಕಾಣದೇ ಹೋಗುತ್ತದೆ.

ಎಚ್4 ಬಲ್ಬಿನ ಒಳಗೂ ಒಂದು ಜಾಣತನ ಅಡಗಿದೆ. ಡಿಪ್ ತಂತುವಿನ ಕೆಳಗೆ ಉಗುರಿನಷ್ಟೂ ಇಲ್ಲದ ಲೋಹದ ದೊನ್ನೆಯೊಂದು ಕಾಣುತ್ತದೆ. ಕನ್ನಡಿಯ ಕೆಳಗಿನ ಅರ್ಧಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ. ಮೇಲಿನ ಅರ್ಧದಿಂದ ಪ್ರತಿಫಲಿಸಿದ ಬೆಳಕು ಕೆಳಮುಖವಾಗಿಯೇ ಹೋಗುತ್ತದೆ, ಗೋಡೆಯ ಮೇಲೆ ಕತ್ತರಿಸಿದಂತೆ ಗೆರೆ ಮೂಡುತ್ತದೆ. ಆ ದೊನ್ನೆಯ ಒಂದು ಅಂಚು 15 ಡಿಗ್ರಿ ಓರೆಯಾಗಿದೆ. ಗೋಡೆಯ ಗೆರೆ ಒಂದು ಬದಿಯಲ್ಲಿ ಮೇಲಕ್ಕೇರುವುದು ಅದರಿಂದಲೇ. ರಸ್ತೆಯ ಅಂಚಿನಲ್ಲಿ ನಡೆಯುವವರು, ಸೈಕಲ್ಲಿನವರು, ಮೈಲಿಗಲ್ಲು ಕಾಣಬೇಕಾದ್ದು ಆ ಏರುವ ಬದಿಯಲ್ಲಿ.

ಇಲ್ಲಿಯೇ ದೊಡ್ಡದೊಂದು ಬಲೆ ಇರುವುದು. ಭಾರತದಲ್ಲಿ ವಾಹನಗಳು ಎಡಕ್ಕೆ ಓಡುತ್ತವೆ, ಗೆರೆ ಎಡಕ್ಕೆ ಏರಬೇಕು. ಬಲಕ್ಕೆ ಓಡಿಸುವ ದೇಶಗಳಿಗೆಂದು ಮಾಡಿದ ಗಾಜನ್ನು ತಂದು ಹಾಕಿದರೆ ಅದು ಬಲಕ್ಕೆ ಏರಿ, ಎದುರಿಗೆ ಬರುವವರ ಮುಖಕ್ಕೆ ನೇರ ಹಿಡಿದಂತಾಗುತ್ತದೆ. ಕೊಳ್ಳುವ ಮೊದಲು ಗಾಜಿನ ಮೇಲಿನ ಗುರುತು ಓದಿದರೆ ಈ ಪ್ರಮಾದ ತಪ್ಪುತ್ತದೆ. ಯುರೋಪಿನ ನಿಯಮದಂತೆ ಮಾಡಿದ ಗಾಜಿನಲ್ಲಿ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ಅದರ ಬಳಿ ಬಾಣದ ಗುರುತು ನೋಡಬೇಕು. ದೀಪದ ಎದುರು ನಿಂತವರ ಬಲಗಡೆಗೆ ಬಾಣ ತೋರಿಸುತ್ತಿದ್ದರೆ ಅದು ಎಡಕ್ಕೆ ಓಡಿಸುವ ದೇಶಗಳ ದೀಪ. ಎರಡೂ ಕಡೆಗೆ ಬಾಣವಿದ್ದರೆ ಎರಡಕ್ಕೂ ಹೊಂದುವಂಥದು. ಬಾಣವೇ ಇಲ್ಲದಿದ್ದರೆ ಅದು ನಮ್ಮ ರಸ್ತೆಗೆ ಹೇಳಿದ್ದಲ್ಲ. ‘ಎಚ್‌ಸಿಆರ್’ ಎಂದಿದ್ದರೆ ಹ್ಯಾಲೊಜನ್ ಬಲ್ಬು, ಡಿಪ್ ಮತ್ತು ಹೈ ಬೀಮ್ ಎರಡೂ ಇವೆ ಎಂದರ್ಥ. ‘ಪಿಎಲ್’ ಎಂದಿದ್ದರೆ ಮುಂದಿನದು ಪ್ಲಾಸ್ಟಿಕ್. ಇದ್ಯಾವುದೂ ಇಲ್ಲದೆ ನುಣುಪಾಗಿ ಹೊಳೆಯುವ ದುಂಡು ದೀಪಗಳು ಆನ್‌ಲೈನಿನಲ್ಲಿ ರಾಶಿ ಬಿದ್ದಿವೆ. ಅವು ಕಾರಿಗೆ ಒಡವೆಯಾದಾವು, ದೀಪವಾಗುವ ಬಗ್ಗೆ ಭರವಸೆಯಿಲ್ಲ.

ಪ್ಲಾಸ್ಟಿಕ್ಕಿನ ಕಾಲ

ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕನ್ನು 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆ ಬೇರೆಯಾಗಿ ಕಂಡುಹಿಡಿದರು. ಗಾಜಿಗಿಂತ ಹಗುರ, ಕಲ್ಲೇಟಿಗೆ ಒಡೆಯದು, ಬೇಕಾದ ಆಕಾರಕ್ಕೆ ಅಚ್ಚು ಹೊಯ್ಯಬಹುದು. ಕಾರಿನ ಮೂತಿಯ ಬಳುಕಿಗೆ ತಕ್ಕಂತೆ ದೀಪವೂ ಬಳುಕತೊಡಗಿದ್ದು ಇದರಿಂದ. ಅಮೆರಿಕದಲ್ಲಿ 1980ರ ದಶಕದಲ್ಲಿ, ಯುರೋಪಿನಲ್ಲಿ 1990ರ ದಶಕದಲ್ಲಿ ಇದಕ್ಕೆ ದಾರಿ ತೆರೆಯಿತು. ಭಾರತದ ಕಾರುಗಳಿಗೂ ಬಂತು. ಇದರ ಜೊತೆಗೇ ಇನ್ನೊಂದು ಬದಲಾವಣೆಯಾಯಿತು: ಬೆಳಕು ಹರಡುವ ಕೆಲಸ ಗಾಜಿನ ಗೀರುಗಳಿಂದ ಹಿಂದಿನ ಕನ್ನಡಿಗೆ ಹೋಯಿತು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಡಿಕೆ ಮಡಿಕೆಯಾಗಿ ರೂಪಿಸಿದ ಕನ್ನಡಿ ಬಂದ ಮೇಲೆ ಮುಂದಿನ ಪ್ಲಾಸ್ಟಿಕ್ ಬರೀ ಕಿಟಕಿಯಾಯಿತು.

ಈ ಕಿಟಕಿಗೆ ಬಿಸಿಲೇ ಶತ್ರು. ಪಾಲಿಕಾರ್ಬೊನೇಟ್ ಬರಿಮೈಯಲ್ಲಿ ಬಿಸಿಲು ತಡೆಯದು, ಸುಲಭವಾಗಿ ಗೀರು ಬೀಳುವಷ್ಟು ಮೃದು. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಗಟ್ಟಿ ಲೇಪನ ಕೊಡುತ್ತಾರೆ. ಅದು ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ವರ್ಷಗಳ ಬಿಸಿಲು, ದೂಳಿನ ಜೊತೆಗೆ ಒಣಬಟ್ಟೆಯಿಂದ ಉಜ್ಜುವ ಅಭ್ಯಾಸ, ಪೆಟ್ರೋಲ್ ಅಥವಾ ಥಿನ್ನರ್ ಹಚ್ಚಿ ಒರೆಸುವ ಅವಸರ, ಇವೆಲ್ಲ ಸೇರಿ ಲೇಪನ ಬಿರಿಯುತ್ತದೆ. ಆಮೇಲೆ ಪ್ಲಾಸ್ಟಿಕ್ಕಿನ ಅಣುಸರಪಳಿಯೇ ಬಿಸಿಲಿಗೆ ಮುರಿದು ಹಳದಿ ಸಂಯುಕ್ತಗಳಾಗಿ ಬದಲಾಗುತ್ತದೆ. ಒಂದೇ ಜಾಗದಲ್ಲಿ ದಿನವೂ ನಿಲ್ಲುವ ಕಾರನ್ನು ಗಮನಿಸಿದರೆ ಬಿಸಿಲಿಗೆ ಮುಖ ಮಾಡಿದ ಕಡೆಯ ದೀಪ ಇನ್ನೊಂದಕ್ಕಿಂತ ಮೊದಲು ಹಣ್ಣಾಗಿರುತ್ತದೆ. ನೆರಳಿನಲ್ಲಿ ನಿಲ್ಲಿಸುವುದಕ್ಕಿಂತ ಅಗ್ಗದ ರಕ್ಷಣೆ ಇದಕ್ಕಿಲ್ಲ.

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ ಎಂಬುದು ಸುಳ್ಳಲ್ಲ, ಅದರಲ್ಲಿ ಸಣ್ಣ ತರಿ ಇದೆ. ಆದರೆ ಅಳಿದುಳಿದ ಲೇಪನವನ್ನೂ ಅದು ತಿಂದುಹಾಕುತ್ತದೆ. ಕೆಲವು ವಾರಗಳಲ್ಲಿ ಹಳದಿ ಮರಳಿ ಬರುತ್ತದೆ, ಮೊದಲಿಗಿಂತ ಬೇಗ. ಸೊಳ್ಳೆ ಕಚ್ಚದಂತೆ ಮೈಗೆ ಹಚ್ಚುವ ದ್ರವದಿಂದ ಒರೆಸುವ ವಿದ್ಯೆ ಇನ್ನೂ ಕೆಟ್ಟದ್ದು: ಅದರ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಕ್ಷಣಕಾಲ ನಯ ಮಾಡುತ್ತದೆ. ಮಾರಾಟಕ್ಕಿಟ್ಟ ಕಾರಿನ ದೀಪ ವಿಪರೀತ ಹೊಳೆಯುತ್ತಿದ್ದರೆ ಕೊಳ್ಳುವವರು ಒಮ್ಮೆ ಅನುಮಾನಿಸಬೇಕು.

ಸರಿಯಾದ ರೀತಿ ಪೇಂಟರುಗಳದು. ಸುತ್ತಲಿನ ಬಣ್ಣಕ್ಕೆ ಟೇಪ್ ಅಂಟಿಸಿ, ನೀರು ಬಿಡುತ್ತಾ ವಾಟರ್ ಪೇಪರಿನಿಂದ ತಿಕ್ಕುವುದು. ಮೊದಲು 600 ಅಥವಾ 800ರ ಕಾಗದ, ಆಮೇಲೆ 1500, ಕೊನೆಗೆ 2000 ಅಥವಾ 3000. ಮೊದಲ ಕಾಗದ ಆಡಿಸುವಾಗ ಇಳಿಯುವ ನೀರು ತೆಳು ಹಳದಿಯಾಗಿರುತ್ತದೆ. ಅದು ಸತ್ತ ಪ್ಲಾಸ್ಟಿಕ್. ನೀರು ಹಾಲಿನ ಬಿಳುಪಿಗೆ ತಿರುಗಿದಾಗ ಒಳಗಿನ ಒಳ್ಳೆಯ ಪದರ ಸಿಕ್ಕಿತೆಂದು ಲೆಕ್ಕ. ಅರ್ಧಕ್ಕೇ ಕೈಬಿಟ್ಟರೆ ಕೊನೆಯಲ್ಲಿ ಎಷ್ಟೇ ಹೊಳಪು ಕೊಟ್ಟರೂ ಹಳದಿ ತೇಪೆ ತೇಪೆಯಾಗಿ ಉಳಿಯುತ್ತದೆ. ಒಂದು ಕಾಗದದ ಗೀರು ಅಡ್ಡಕ್ಕಿದ್ದರೆ ಮುಂದಿನ ಕಾಗದವನ್ನು ಉದ್ದಕ್ಕೆ ಎಳೆಯಬೇಕು, ಹಿಂದಿನ ಗೀರು ಪೂರ್ತಿ ಅಳಿಯಿತೇ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ನಂತರ ರಬ್ಬಿಂಗ್ ಕಾಂಪೌಂಡ್. ಇಷ್ಟಕ್ಕೇ ಹೆಚ್ಚಿನವರು ಕೈತೊಳೆದುಕೊಳ್ಳುತ್ತಾರೆ, ಮಾಡಿದ ಕೆಲಸವೆಲ್ಲ ಹಾಳಾಗುವುದು ಇಲ್ಲೇ. ಲೇಪನ ಕಳೆದುಕೊಂಡ ಪ್ಲಾಸ್ಟಿಕ್ಕಿಗೆ ಅತಿನೇರಳೆ ತಡೆಯುವ ಹೊಸ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಹೊಡೆದರೆ ಕೆಲವು ವರ್ಷ, ಹೊಡೆಯದಿದ್ದರೆ ಕೆಲವು ತಿಂಗಳು.

ಒಳಗಿನಿಂದ ಮಬ್ಬಾದ, ನೂಲಿನಂಥ ಬಿರುಕು ಆಳಕ್ಕಿಳಿದ ದೀಪ ಉಜ್ಜುವುದರಿಂದ ಸರಿಹೋಗದು. ಆಗ ಉಳಿಯುವುದು ಬದಲಾವಣೆ. ಕೆಲವು ಮಾದರಿಗಳಿಗೆ ಮುಂದಿನ ಗ್ಲಾಸ್ ಮಾತ್ರ ಪ್ರತ್ಯೇಕ ಸಿಗುತ್ತದೆ. ದೀಪವನ್ನು ಹದವಾಗಿ ಬಿಸಿಮಾಡಿ, ಅಂಟು ಮೆತ್ತಗಾದಾಗ ಹಳೆಯದನ್ನು ಬಿಡಿಸಿ ಹೊಸದು ಕೂರಿಸುತ್ತಾರೆ. ಬ್ಯುಟೈಲ್ ಅಂಟಾದರೆ ಬಿಸಿಗೆ ಚೂಯಿಂಗ್ ಗಮ್ಮಿನಂತೆ ಎಳೆಯಾಗಿ ಬಿಟ್ಟುಕೊಡುತ್ತದೆ. ಗಟ್ಟಿ ಅಂಟು ಹಾಕಿದ ದೀಪವಾದರೆ ಬಿಡುವುದಿಲ್ಲ, ಎಬ್ಬಿಸಲು ಹೋದರೆ ಅಂಚು ಒಡೆಯುತ್ತದೆ. ಹೊಸದಾಗಿ ಅಂಟಿಸುವಾಗ ಹಾರ್ಡ್‌ವೇರ್ ಅಂಗಡಿಯ, ವಿನೆಗರ್ ವಾಸನೆಯ ಸಿಲಿಕೋನ್ ಬಳಸಬಾರದು. ಅದು ಒಣಗುವಾಗ ಬಿಡುವ ಆಮ್ಲದ ಆವಿ ಒಳಗಿನ ಕನ್ನಡಿಯ ಲೇಪನವನ್ನು ತಿನ್ನುತ್ತದೆ. ದೀಪದ ಹಿಂದಿರುವ ಉಸಿರಾಟದ ಸಣ್ಣ ಕೊಳವೆಯನ್ನು ಮುಚ್ಚಲೂಬಾರದು. ಬಿಸಿಯಾಗಿ ತಣ್ಣಗಾಗುವ ದೀಪ ಉಸಿರಾಡಲೇಬೇಕು; ಮಳೆಗಾಲದ ಬೆಳಗ್ಗೆ ಒಳಗೆ ತೆಳು ಹಬೆ ಕಟ್ಟಿ, ದೀಪ ಹಾಕಿದ ಮೇಲೆ ಹೋದರೆ ಅದು ಸಹಜ. ತಳದಲ್ಲಿ ನೀರು ನಿಂತರೆ ಮಾತ್ರ ಸೋರಿಕೆ.

ಇಡೀ ಅಸೆಂಬ್ಲಿ ಬದಲಿಸುವುದು ಎಲ್ಲಕ್ಕಿಂತ ಸುರಕ್ಷಿತ, ಎಲ್ಲಕ್ಕಿಂತ ದುಬಾರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಒರಿಜಿನಲ್’ ಮತ್ತು ‘ಲೋಕಲ್’ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಹಗಲಿನಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ಗೋಡೆಯ ಮೇಲೆ, ಕತ್ತಲಲ್ಲಿ. ಗೆರೆ ನೇರವಾಗಿ, ಚೂಪಾಗಿ ಬಂದರೆ ಒಳ್ಳೆಯದು. ಗೆರೆಯ ಮೇಲೂ ಬೆಳಕು ಚೆಲ್ಲಿದ್ದರೆ ಕನ್ನಡಿಯ ಅಚ್ಚು ಸರಿಯಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಸಿಗುವ, ಅಪಘಾತವಾದ ಕಾರಿನ ಒರಿಜಿನಲ್ ದೀಪ ಎಷ್ಟೋ ಸಲ ಹೊಸ ಲೋಕಲ್‌ಗಿಂತ ಮೇಲು, ಅದನ್ನು ಬಿಗಿಯುವ ಕಿವಿಗಳು ಮುರಿದಿಲ್ಲದಿದ್ದರೆ. ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಕಣ್ಣು ಹೊಸದು ಒಂದು ಹಳೆಯದಾದರೆ ರಸ್ತೆಯ ಒಂದು ಬದಿ ಕತ್ತಲಾಗಿಯೇ ಉಳಿಯುತ್ತದೆ.

ಗಾಜಿನ ಹಿಂದೆ

ಕನ್ನಡಿಯ ಮೇಲಿನ ಲೇಪನ ಅಲ್ಯೂಮಿನಿಯಂ. ಚೆನ್ನಾಗಿದ್ದಾಗ ಬಿದ್ದ ಬೆಳಕಿನಲ್ಲಿ ಶೇ 85ಕ್ಕೂ ಹೆಚ್ಚನ್ನು ಅದು ಹಿಂತಿರುಗಿಸುತ್ತದೆ. ತೇವ ತಾಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಬಲ್ಬಿನ ಮೇಲ್ಗಡೆ ಸುಟ್ಟ ಕಲೆಯಿದ್ದರೆ ಹೊಸ ಗಾಜಿನಿಂದಲೂ ಪ್ರಯೋಜನವಿಲ್ಲ. ಅದನ್ನು ಬಟ್ಟೆಯಿಂದ ಒರೆಸಿದರೆ ಲೇಪನವೇ ಬಟ್ಟೆಗೆ ಬರುತ್ತದೆ. ಕೆಲವರು ಕ್ರೋಮ್ ಪ್ಲೇಟಿಂಗ್ ಮಾಡಿಸುತ್ತಾರೆ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಕ್ರೋಮಿಯಂ ಹಿಂತಿರುಗಿಸುವ ಬೆಳಕು ಶೇ 65ರ ಆಸುಪಾಸು ಮಾತ್ರ. ಕನ್ನಡಿ ಹೋದ ದೀಪ ಹೋಯಿತೆಂದೇ ತಿಳಿಯಬೇಕು.

ತಂತಿಯ ಕಡೆ ಹೆಚ್ಚಿನವರ ಗಮನ ಹೋಗುವುದೇ ಇಲ್ಲ, ಹಳೆಯ ಕಾರುಗಳಲ್ಲಿ ದೊಡ್ಡ ಕಳ್ಳ ಕೂತಿರುವುದು ಅಲ್ಲೇ. ಎರಡು 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತವೆ. ಆ ಕರೆಂಟೆಲ್ಲ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್‌ಗೆ ಬಂದು, ಡಿಪ್ಪರ್ ಸ್ವಿಚ್ ದಾಟಿ, ಮತ್ತೆ ಮುಂದಕ್ಕೆ ಹೋಗಬೇಕು. ದಾರಿಯುದ್ದಕ್ಕೂ ತುಕ್ಕು ಹಿಡಿದ ಕಪ್ಲರು, ಸವೆದ ಸ್ವಿಚ್ಚಿನ ತಗಡು, ಸಡಿಲಾದ ಅರ್ತ್. ಎಲ್ಲ ಸೇರಿ 0.1 ಓಮ್ ಪ್ರತಿರೋಧವಾದರೆ ಸಾಕು, 1 ವೋಲ್ಟ್ ಮಾಯ. ಒಂದು ವೋಲ್ಟಿಗೇನು ಎನ್ನುವಂತಿಲ್ಲ. ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಬಿದ್ದುಹೋಗುತ್ತದೆ: ವೋಲ್ಟೇಜ್ ಶೇ 5 ಕುಸಿದರೆ ಬೆಳಕು ಶೇ 16ರಷ್ಟು, ಶೇ 10 ಕುಸಿದರೆ ಶೇ 30ರಷ್ಟು ಕಡಿಮೆಯಾಗುತ್ತದೆ. ಬಿಳಿ ಇದ್ದದ್ದು ಕೆಂಪಗಾಗುವುದೂ ಇದರಿಂದಲೇ. ಉಜ್ಜಿ ಶೇ 70ಕ್ಕೆ ತಂದ ಗಾಜು, ಶೇ 70 ಮಾತ್ರ ಉರಿಯುವ ಬಲ್ಬು, ಶೇ 80 ಉಳಿದ ಕನ್ನಡಿ, ಮೂರನ್ನೂ ಗುಣಿಸಿದರೆ ರಸ್ತೆಗೆ ಸಿಗುವುದು ಶೇ 39. ಒಂದೊಂದೂ ‘ಪರವಾಗಿಲ್ಲ’ ಎನ್ನುವಂತಿದ್ದರೂ ಒಟ್ಟು ಲೆಕ್ಕ ಅರ್ಧಕ್ಕೂ ಬರುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು, ದೀಪ ಹಾಕಿ, ಮಲ್ಟಿಮೀಟರಿನಿಂದ ಬ್ಯಾಟರಿಯ ಎರಡು ಟರ್ಮಿನಲ್ ಅಳೆಯುವುದು; ಆಮೇಲೆ ಬಲ್ಬಿಗೆ ಚುಚ್ಚಿದ ಕಪ್ಲರಿನ ಹಿಂಬದಿಯಲ್ಲಿ ಅಳೆಯುವುದು. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಲೇ ವೈರಿಂಗ್ ಕಿಟ್ ಹಾಕಿಸುವುದು ಸಾರ್ಥಕ. ಅದರಲ್ಲಿ ಹಳೆಯ ಸ್ವಿಚ್ಚು ರಿಲೇಯನ್ನು ಎಚ್ಚರಿಸುವ ಚೂರು ಕರೆಂಟನ್ನಷ್ಟೇ ಹೊರುತ್ತದೆ. ನಿಜವಾದ ಕರೆಂಟು ದಪ್ಪ ತಂತಿಯಲ್ಲಿ, ಫ್ಯೂಸ್ ದಾಟಿ, ಬ್ಯಾಟರಿಯಿಂದ ನೇರ ಬಲ್ಬಿಗೆ ಹೋಗುತ್ತದೆ. ಅರ್ತ್ ತಂತಿಯನ್ನೂ ಬಣ್ಣ ಕೆರೆದ ಬಾಡಿಗೆ ಹೊಸದಾಗಿ ಬಿಗಿಯಬೇಕು. ಗಾಜು ಕನ್ನಡಿ ಚೆನ್ನಾಗಿರುವ ಕಾರಿನಲ್ಲಿ ಇದೊಂದೇ ಕೆಲಸ ಹೊಸ ದೀಪ ಹಾಕಿದಷ್ಟು ಬದಲಾವಣೆ ತರುತ್ತದೆ.

ತಂತಿ ಸರಿಪಡಿಸದೆ 100/90 ವ್ಯಾಟಿನ ಬಲ್ಬು ಹಾಕಿದರೆ ಕರೆಂಟು ಹೆಚ್ಚಾಗಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಹೋಲ್ಡರ್ ಕರಗುತ್ತದೆ, ಪ್ಲಾಸ್ಟಿಕ್ ಗ್ಲಾಸ್ ಒಳಗಿನಿಂದ ಬೇಯುತ್ತದೆ. ನೀಲಿ ಲೇಪದ ಬಲ್ಬುಗಳು ಬೆಳ್ಳಗೆ ಕಾಣುವುದು ಬೆಳಕಿನ ಹಳದಿ ಪಾಲನ್ನು ಸೋಸಿ ಎಸೆದು, ಅಂದರೆ ಬೆಳಕನ್ನು ಕಡಿಮೆ ಮಾಡಿ. ಹ್ಯಾಲೊಜನ್ ಕನ್ನಡಿಯಲ್ಲಿ ಎಲ್‌ಇಡಿ ಬಲ್ಬು ಹಾಕುವ ಗೀಳಿಗೂ ಇದೇ ಮಾತು ಸಲ್ಲುತ್ತದೆ. ಮಿಲಿಮೀಟರ್ ಲೆಕ್ಕದಲ್ಲಿ ಕೂತ ತಂತುವಿಗಾಗಿ ರೂಪಿಸಿದ ಕನ್ನಡಿ ಅದು. ಎಲ್‌ಇಡಿ ಚಿಪ್ಪಿನ ಆಕಾರ, ಜಾಗ ಬೇರೆಯಾದ್ದರಿಂದ ಬೆಳಕು ಚೆದುರುತ್ತದೆ. ಬಂಪರಿನ ಮುಂದೆ ಬೆಳಕಿನ ಕೊಳ ನಿಂತು ಕಣ್ಣು ಅದಕ್ಕೇ ಒಗ್ಗುತ್ತದೆ, ದೂರದ್ದು ಇನ್ನಷ್ಟು ಕತ್ತಲಾಗಿ ಕಾಣುತ್ತದೆ. ಚಾಲಕನಿಗೆ ಮಾತ್ರ ‘ಸಖತ್ ಲೈಟು’ ಎಂಬ ಸಮಾಧಾನ. ಎದುರಿನವರ ಪಾಡು ಹೇಳತೀರದು. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ ಪ್ರಕರಣ ದಾಖಲಿಸುವ ಕಾರ್ಯಾಚರಣೆಗೆ ಇಳಿದದ್ದು ಸುಮ್ಮನೆ ಅಲ್ಲ. ದೀಪವನ್ನು ಎದುರಿನವರ ಕಣ್ಣಿಗೆ ಹೊಡೆಯದಂತೆ ಕೆಳಮುಖವಾಗಿ ಕೂರಿಸಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 1989ರಿಂದಲೂ ಇದೆ.

ಗೋಡೆಯ ಮೇಲಿನ ಗೆರೆ

ಗಾಜು ಬದಲಿಸಿದ ಮೇಲೆ ದೀಪದ ದಿಕ್ಕು ಹೊಂದಿಸದೆ ಕಾರು ಹೊರಗೆ ತೆಗೆಯಬಾರದು. ಡಿಪ್ ದೀಪ 100ಕ್ಕೆ 1ರ ಇಳಿಜಾರಿನಲ್ಲಿ ಕೆಳಗೆ ನೋಡಬೇಕೆಂಬುದು ರೂಢಿ. ನೆಲದಿಂದ 65 ಸೆಂಟಿಮೀಟರ್ ಎತ್ತರದ ದೀಪವಾದರೆ ಗೆರೆ ರಸ್ತೆಯನ್ನು ಮುಟ್ಟುವುದು 65 ಮೀಟರ್ ದೂರದಲ್ಲಿ. ಇಳಿಜಾರು 100ಕ್ಕೆ 2 ಆದರೆ ಆ ದೂರ 32 ಮೀಟರಿಗೆ ಕುಗ್ಗುತ್ತದೆ. ದೀಪದ ಹಿಂದಿನ ಸ್ಕ್ರೂ ಒಂದೆರಡು ಸುತ್ತು ತಿರುಗಿದ್ದರ ಫಲ ಅದು. ಹೊಸ ಗಾಜಿಗೆ ಸುರಿದ ದುಡ್ಡೆಲ್ಲ ಆ ಒಂದು ಸ್ಕ್ರೂನಲ್ಲಿ ಹೋಗಬಹುದು.

ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರು ನಿಲ್ಲಿಸಬೇಕು. ಟೈರಿನ ಗಾಳಿ ಸರಿಯಿರಬೇಕು, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಬೇಕು. ದೀಪದ ನಡುಮಧ್ಯದ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದರ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆಯಬೇಕು. ಡಿಪ್ ಹಾಕಿದಾಗ ಬೆಳಕಿನ ಅಂಚು ಈ ಕೆಳಗಿನ ಗೆರೆಯ ಮೇಲೆ ಮಲಗಿ, ದೀಪದ ನೇರಕ್ಕೆ ಬಂದಲ್ಲಿಂದ ಎಡಕ್ಕೆ ಏರಬೇಕು. ಒಂದು ದೀಪ ಹೊಂದಿಸುವಾಗ ಇನ್ನೊಂದಕ್ಕೆ ರಟ್ಟು ಅಡ್ಡ ಹಿಡಿದರೆ ಗೊಂದಲವಿಲ್ಲ. ಹಿಂದಿನ ಸೀಟು ತುಂಬಿ, ಡಿಕ್ಕಿಯಲ್ಲಿ ಊರಿನ ಅಕ್ಕಿಮೂಟೆ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ, ದೀಪವೂ ಮೇಲೇಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಪುಟ್ಟ ಚಕ್ರ ಇರುವುದು ಆ ಹೊತ್ತಿಗೆ. ಹಲವರು ಕಾರು ಮಾರುವವರೆಗೂ ಅದನ್ನು ಮುಟ್ಟಿರುವುದಿಲ್ಲ.

65 ಮೀಟರ್ ಎಂಬುದು ಬಹಳವೇನಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಅಡ್ಡ ಬಂದ ದನ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ ಕಾರು 25 ಮೀಟರ್ ಓಡಿರುತ್ತದೆ. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 23 ಮೀಟರ್ ಬೇಕು. ಗಂಟೆಗೆ 80ರಲ್ಲಿ ಎರಡೂ ಸೇರಿ 74 ಮೀಟರ್ ದಾಟುತ್ತದೆ. ಅಂದರೆ ಎಲ್ಲವೂ ಹೊಸದಾಗಿರುವ ಕಾರಿಗೂ ಡಿಪ್ ಬೆಳಕಿನಲ್ಲಿ 80 ಹೆಚ್ಚೇ ಆಯಿತು. ಚಾಲಕರ ವಯಸ್ಸನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು: ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದರಷ್ಟು. ಹಳೆಯ ಕಾರುಗಳನ್ನು ಬಿಡದೆ ಓಡಿಸುವವರಲ್ಲಿ ಹಿರಿಯರೇ ಹೆಚ್ಚೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ.

ಚಾರ್ಮಾಡಿ, ಆಗುಂಬೆ, ಶಿರಾಡಿಯ ಮಳೆಗಾಲದ ಮಂಜಿನಲ್ಲಿ ಈ ಯಾವ ಸುಧಾರಣೆಯೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಹೈ ಬೀಮ್ ಹಾಕಿದಷ್ಟೂ ಮಂಜಿನ ಹನಿಗಳು ಬೆಳಕನ್ನು ಚಾಲಕನ ಕಣ್ಣಿಗೇ ವಾಪಸು ಎಸೆಯುತ್ತವೆ. ಅಲ್ಲಿ ಬೇಕಾದ್ದು ಚೂಪು ಗೆರೆಯ ಡಿಪ್, ಕೆಳಗೆ ಕೂರಿಸಿದ ಫಾಗ್ ಲ್ಯಾಂಪ್, ನಿಧಾನದ ವೇಗ.

ಬಿಡಿಭಾಗದ ವಿಷಯದಲ್ಲಿ ಒಂದು ವಿಚಿತ್ರವಿದೆ. ಅರವತ್ತು ವರ್ಷದ ಅಂಬಾಸಿಡರಿಗೆ ಒಳ್ಳೆಯ ದೀಪ ಇವತ್ತಿಗೂ ಸುಲಭವಾಗಿ ಸಿಗುತ್ತದೆ, ಏಕೆಂದರೆ 7 ಇಂಚಿನ ದುಂಡು ಗಾಜಿಗೆ ಲೋಕವೆಲ್ಲ ಒಂದೇ ಅಳತೆ. ಹದಿನೈದು ವರ್ಷದ ಹಿಂದೆ ಕಂಪನಿ ನಿಲ್ಲಿಸಿಬಿಟ್ಟ ಮಾದರಿಯ ಪ್ಲಾಸ್ಟಿಕ್ ದೀಪ ಆ ಕಾರಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಕೂರದು. ಅಚ್ಚು ನಿಂತ ಮೇಲೆ ಒರಿಜಿನಲ್ ಸಿಗುವುದು ಅಪರೂಪ. ಹಾಗಾಗಿ ಅಂಥ ಕಾರಿಗೆ ಲೋಕಲ್ ಅಸೆಂಬ್ಲಿ ಹಾಕಿಸಿದರೂ, ಬಿಚ್ಚಿದ ಹಳೆಯ ಒರಿಜಿನಲ್ ದೀಪವನ್ನು ಮೆಕ್ಯಾನಿಕ್ಕಿಗೆ ಬಿಟ್ಟು ಬರಬೇಡಿ. ಕನ್ನಡಿ ಚೆನ್ನಾಗಿದ್ದರೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಮುಂದೆ ಎಂದಾದರೂ ಅದಕ್ಕೆ ಹೊಂದುವ ಗ್ಲಾಸ್ ಸಿಕ್ಕರೆ ಮತ್ತೆ ಕಾರಿಗೆ ಹಾಕಬಹುದು.